ಅಪ್ಪನ ಪಾದ, ನನ್ನ ಪಗ್‌ಮಿಲ್

ಕಳೆದ ಚೌತಿಯ ಮುನ್ನಾದಿನ ಮಣಿಕೊಂಡದ ರಸ್ತೆ ಬದಿಯಲ್ಲಿ ಒಂದು ಮಣ್ಣಿನ ಗಣಪತಿ ಕೊಂಡು ತಂದೆವು. ಹೈದರಾಬಾದಿನಲ್ಲಿ ಈಗ ಮಣ್ಣಿನ ಗಣಪತಿಗೆ ಒಳ್ಳೆಯ ಕಾಲ. ಹುಸೇನ್ ಸಾಗರಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೀಳುವುದು ಕಡಿಮೆಯಾಗಲಿ ಎಂದು ಎಚ್‌ಎಂಡಿಎಯಂಥ ಸರ್ಕಾರಿ ಸಂಸ್ಥೆಗಳೇ ಮಣ್ಣಿನ ಮೂರ್ತಿಗಳನ್ನು ಉಚಿತವಾಗಿ ಹಂಚುತ್ತವೆ. ನಾವು ಮಾತ್ರ ಮಗಳ ಹಟಕ್ಕೆ ಸ್ವಲ್ಪ ದೊಡ್ಡದನ್ನೇ ಕೊಂಡಿದ್ದೆವು. ಬೆಳಿಗ್ಗೆ ಎದ್ದು ನೋಡಿದರೆ ಸೊಂಡಿಲಿನ ಬುಡದಿಂದ ಹೊಟ್ಟೆಯವರೆಗೆ ಕೂದಲೆಳೆಯಷ್ಟು ಬಿರುಕು.

ಮಗಳ ಮುಖ ಸಣ್ಣಗಾಯಿತು. ಹೆಂಡತಿ ಬಿರುಕಿನ ಮೇಲೆ ಗಂಧ ಮೆತ್ತಲು ಹೋದಳು. ನಾನು ಬೆರಳಾಡಿಸಿ ನೋಡಿ, ‘ಮಣ್ಣು ಸರಿಯಾಗಿ ಕೂಡಿಲ್ಲ, ಒಳಗೆ ಪದರ ಉಳಿದಿದೆ’ ಎಂದೆ.

‘ನಿಂಗೆ ಹೇಗೆ ಗೊತ್ತಪ್ಪಾ?’ ಎಂದಳು ಮಗಳು.

ಒಳ್ಳೆಯ ಪ್ರಶ್ನೆ. ಮಣಿಕೊಂಡದಲ್ಲಿ ಮನೆ ಮಾಡಿಕೊಂಡವರೆಲ್ಲ ಸಾಫ್ಟ್‌ವೇರಿನವರು ಎಂದು ಊರಿನವರು ತಿಳಿದಿದ್ದಾರೆ. ನಾನು ಮೆಕ್ಯಾನಿಕಲ್ ಎಂಜಿನಿಯರ್. ಗಚ್ಚಿಬೌಲಿಯ ಕಚೇರಿಯಲ್ಲಿ ಕುಳಿತು, ನಾನು ಎಂದೂ ಕಣ್ಣಿಂದ ಕಾಣದ ವಿದೇಶಿ ಯಂತ್ರಗಳ ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ನನ್ನ ಕೆಲಸ. ನನ್ನ ಅಪ್ಪ ಕುಂಬಾರ. ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನಲ್ಲಿ, ಕಿತ್ತೂರಿನ ಕಡೆಗೆ ವಾಲಿದ ಒಂದು ಹಳ್ಳಿ ನಮ್ಮದು. ಆದರೂ ಮಣ್ಣಿನ ಬಿರುಕನ್ನು ಓದಲು ನಾನು ಕಲಿತದ್ದು ಬಾಲ್ಯದಲ್ಲೂ ಅಲ್ಲ, ಕಾಲೇಜಿನಲ್ಲೂ ಅಲ್ಲ. ಅಪ್ಪನ ಒಂದು ಇಡೀ ಆವಿಗೆಯನ್ನು ಹಾಳು ಮಾಡಿದ ಮೇಲೆ.

ಇಪ್ಪತ್ತು ನಿಮಿಷದ ತುಳಿತ

2020ರ ಲಾಕ್‌ಡೌನಿನಲ್ಲಿ ನಿಮ್ಮಲ್ಲಿ ಅನೇಕರು ಮಾಡಿದ್ದನ್ನೇ ನಾನೂ ಮಾಡಿದೆ. ದಾರಿ ತೆರೆದ ಕೂಡಲೇ ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ಹೆಂಡತಿ, ಮಗಳೊಡನೆ ಊರು ಸೇರಿಕೊಂಡೆ. ನೆಟ್‌ವರ್ಕ್ ಸಿಗುತ್ತಿದ್ದದ್ದು ಮಾಳಿಗೆಯ ಮೇಲೆ ಮಾತ್ರ. ಅಲ್ಲಿ ಕುಳಿತರೆ ಕೆಳಗಿನ ಅಂಗಳ ಪೂರ್ತಿ ಕಾಣುತ್ತಿತ್ತು. ಹತ್ತು-ಹನ್ನೆರಡು ವರ್ಷಗಳಲ್ಲಿ ಹಬ್ಬಕ್ಕೆ ಬಂದು ಹೋಗುವ ಮಗನಾಗಿದ್ದ ನಾನು, ಅಪ್ಪ ಕೆಲಸ ಮಾಡುವುದನ್ನು ದಿನವಿಡೀ ನೋಡಿದ್ದು ಆಗಲೇ.

ಕುಂಬಾರಿಕೆ ಎಂದರೆ ಜನರ ಕಣ್ಣಿಗೆ ಬರುವುದು ತಿಗರಿ. ತಿರುಗುವ ತಿಗರಿಯ ಮೇಲೆ ಮಣ್ಣು ಹೂವಿನಂತೆ ಅರಳುವ ವಿಡಿಯೊಗಳನ್ನು ನಾವೆಲ್ಲ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತೇವೆ. ಆದರೆ ಒಂದು ಗಡಿಗೆ ತಿಗರಿಯ ಮೇಲೆ ಇರುವುದು ಕೆಲವೇ ನಿಮಿಷ. ಅದಕ್ಕೆ ಮೊದಲಿನ ಕೆಲಸವೇ ದೊಡ್ಡದು. ಬೇಸಿಗೆಯಲ್ಲಿ ಕೆರೆಯಂಗಳದಿಂದ ಮಣ್ಣು ತರಬೇಕು, ಬಿಸಿಲಿಗೆ ಹರವಬೇಕು, ಕೊಡತಿಯಿಂದ ಹೆಂಟೆ ಒಡೆಯಬೇಕು, ಸಾಣಿಗೆ ಹಿಡಿಯಬೇಕು, ನೀರು ಹಾಕಿ ನೆನೆಸಬೇಕು, ಸಣ್ಣ ಮರಳು, ಬೂದಿ ಬೆರೆಸಬೇಕು. ಕೊನೆಗೆ ತುಳಿಯಬೇಕು. ಮಧ್ಯದಿಂದ ಶುರುಮಾಡಿ ಸುತ್ತು ಸುತ್ತು ಹೊರಗೆ ಬಂದು, ಮಣ್ಣು ರೊಟ್ಟಿಯಂತೆ ಹರಡಿದ ಮೇಲೆ ಮಡಚಿ ಗುಡ್ಡೆ ಮಾಡಿ, ಮತ್ತೆ ಮಧ್ಯದಿಂದ. ಹೀಗೆ ಮೂರು ಸಲ, ನಾಲ್ಕು ಸಲ.

ಒಂದು ದಿನ ಮೀಟಿಂಗ್ ರದ್ದಾಯಿತೆಂದು ಪ್ಯಾಂಟು ಮಡಚಿ ನಾನೂ ಇಳಿದೆ. ಇಪ್ಪತ್ತೇ ನಿಮಿಷಕ್ಕೆ ಮೀನಖಂಡ ಹಿಡಿದುಕೊಂಡಿತು. ಅಪ್ಪನಿಗೆ ಆಗ ಅರವತ್ತೆರಡು ವರ್ಷ. ಬೆಳಗಾವಿಯ ಮೂಳೆ ಡಾಕ್ಟರರು ಎರಡೂ ಮೊಣಕಾಲು ಸವೆದಿವೆ, ಇನ್ನು ಮಣ್ಣು ತುಳಿಯಬೇಡಿ ಎಂದು ಹೇಳಿ ವರ್ಷವಾಗಿತ್ತಂತೆ. ಈ ಸಂಗತಿ ಯಾರೂ ನನಗೆ ಫೋನಿನಲ್ಲಿ ಹೇಳಿರಲಿಲ್ಲ.

ಬೀದರ್ ಜಿಲ್ಲೆಯ ಭಾಲ್ಕಿ ಶರಣ ಕುಂಬಾರ ಗುಂಡಯ್ಯನ ಊರು. ಅವನು ಮಡಕೆ ತಟ್ಟುವ ನಾದಕ್ಕೆ ಶಿವನೇ ಬಂದು ಕುಣಿದನೆಂಬ ಕಥೆಯನ್ನು ಹರಿಹರ ರಗಳೆ ಮಾಡಿ ಹೇಳಿದ್ದಾನೆ. ಚಿಕ್ಕಂದಿನಿಂದ ಕೇಳಿದ ಕಥೆ. ಅಂದು ಮೀನಖಂಡ ತಿಕ್ಕಿಕೊಳ್ಳುತ್ತ ಕುಳಿತಾಗ, ಗುಂಡಯ್ಯನ ಮಣ್ಣು ತುಳಿದವರು ಯಾರು ಎಂಬ ಪ್ರಶ್ನೆ ಮೊದಲ ಬಾರಿಗೆ ತಲೆಗೆ ಬಂತು.

ಬಾಲಾನಗರದಲ್ಲಿ ಹುಟ್ಟಿದ ಗಿರಣಿ

ಹೈದರಾಬಾದಿಗೆ ಮರಳಿದ ಮೇಲೆ ರಾತ್ರಿ ಹೊತ್ತು ಕುಳಿತು ಒಂದು ಪಗ್‌ಮಿಲ್ ವಿನ್ಯಾಸ ಮಾಡಿದೆ. ಕಚೇರಿಯಲ್ಲಿ ಮಾಡುವ ಕೆಲಸಕ್ಕೆ ಹೋಲಿಸಿದರೆ ಇದು ಮಕ್ಕಳಾಟ ಎಂಬ ಜಂಬ ನನಗಿತ್ತು.

ಪಗ್‌ಮಿಲ್ ಎಂದರೆ ಶಾವಿಗೆ ಒತ್ತುವ ಯಂತ್ರದ ದೊಡ್ಡಣ್ಣ ಎಂದುಕೊಳ್ಳಿ. ಒಂದು ಉಕ್ಕಿನ ಕೊಳವೆ, ಅದರ ನಡುವೆ ತಿರುಗುವ ದಂಡ, ದಂಡಕ್ಕೆ ಓರೆಯಾಗಿ ಕೂರಿಸಿದ ಬ್ಲೇಡುಗಳು. ಮೇಲಿನ ಬಾಯಿಗೆ ನೆನೆದ ಮಣ್ಣು ಹಾಕಿದರೆ ಬ್ಲೇಡುಗಳು ಅದನ್ನು ಕೊಚ್ಚಿ, ನಾದಿ, ಮುಂದಕ್ಕೆ ತಳ್ಳುತ್ತವೆ. ಕೊನೆಯಲ್ಲಿ ತಿರುಪಿನಾಕಾರದ ಒಂದು ಭಾಗ ಮಣ್ಣನ್ನು ಒತ್ತಿ, ಕಿರಿದಾಗುತ್ತ ಹೋಗುವ ಮೂತಿಯಿಂದ ದಪ್ಪ ಉರುಳೆಯಾಗಿ ಹೊರಗೆ ಬಿಡುತ್ತದೆ. ಹಳ್ಳಿಯಲ್ಲಿ ತ್ರೀ ಫೇಸ್ ಕರೆಂಟು ನಂಬುವಂತಿಲ್ಲವೆಂದು ಸಿಂಗಲ್ ಫೇಸ್ ಮೋಟಾರು ಇಟ್ಟೆ. ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ಕೊಳವೆ, ಬ್ಲೇಡು, ಗೇರ್‌ಬಾಕ್ಸ್ ಎಲ್ಲ ಕೂಡಿಸಿದರು. ನನ್ನ ಎರಡು ತಿಂಗಳ ಸಂಬಳ ಅದರ ಬಾಯಿಗೆ ಹೋಯಿತು. ಟೆಂಪೊದಲ್ಲಿ ಹೇರಿ ಊರಿಗೆ ಕಳಿಸಿ, ಹಿಂದೆಯೇ ರಾತ್ರಿ ಬಸ್ಸು ಹತ್ತಿದೆ.

ಓಣಿಯವರೆಲ್ಲ ಬಂದರು. ಅವ್ವ ಯಂತ್ರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಅಪ್ಪ ಸುತ್ತು ಬಂದು ನೋಡಿ ಕೇಳಿದ್ದು ಒಂದೇ ಮಾತು: ‘ತಮ್ಮಾ, ಹಳ್ಳು ಬಂದ್ರ ಇದು ಏನ್ ಮಾಡತೈತಿ?’

‘ಮೋಟಾರ್ ಗಟ್ಟಿ ಅದ ಅಪ್ಪಾ, ಪುಡಿ ಮಾಡಿ ಒಗೀತದ’ ಎಂದೆ.

ಅರ್ಧ ದಿನದ ತುಳಿತ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಇನ್ನೂ ಬೇಗ ಆಗಲೆಂದು ದಂಡದ ವೇಗವನ್ನು ನಿಮಿಷಕ್ಕೆ 60 ಸುತ್ತಿಗೆ ಇಟ್ಟಿದ್ದೆ. ಉರುಳೆ ಉರುಳೆಯಾಗಿ ನುಣುಪಾದ ಮಣ್ಣು ಬರುವುದನ್ನು ವಿಡಿಯೊ ಮಾಡಿ ಗೆಳೆಯರಿಗೆಲ್ಲ ಕಳಿಸಿದೆ. ಎರಡನೆಯ ದಿನ ಮಣಿಕೊಂಡದ ಬಸ್ಸು ಹತ್ತುವಾಗ ನನಗೆ ನೆಲ ಕಾಣುತ್ತಿರಲಿಲ್ಲ.

ಬಿಳಿ ಚುಕ್ಕೆ

ಬೇಸಿಗೆಯ ಮುಂಚಿನ ದಿನಗಳು. ನೀರಿನ ಹರವಿಗೆ ಬೇಡಿಕೆ ಇರುವ ಕಾಲ. ಅಪ್ಪ ಯಂತ್ರದ ಮಣ್ಣಿನಲ್ಲಿ ನೂರನಲವತ್ತು ಹರವಿ, ಗಡಿಗೆ ಮಾಡಿ ಆವಿಗೆ ಇಟ್ಟರು. ಒಣಗುವಾಗಲೇ ಹತ್ತಾರು ಗಡಿಗೆಗಳ ತಳದಲ್ಲಿ ಸುಳಿಯಂತೆ ಬಿರುಕು ಬಂದಿತ್ತು. ಬಿಸಿಲು ಜೋರು ಎಂದುಕೊಂಡು ಅವನ್ನು ಬದಿಗಿಟ್ಟರು. ಉಳಿದವು ಚೆನ್ನಾಗಿಯೇ ಸುಟ್ಟವು. ಸಂತೆಗೆ ಹೋದವು, ಮಾರಾಟವಾದವು.

ಹತ್ತು ದಿನ ಕಳೆದಿರಲಿಲ್ಲ. ಒಬ್ಬೊಬ್ಬರೇ ಹರವಿ ಹೊತ್ತು ವಾಪಸು ಬರತೊಡಗಿದರು. ಹರವಿಯ ಮೈಮೇಲೆ ಅಲ್ಲಲ್ಲಿ ಉಗುರಿನಷ್ಟು ಚಕ್ಕೆ ಎದ್ದು ಉದುರಿತ್ತು. ಪ್ರತಿ ಕುಳಿಯ ನಡುವೆಯೂ ಒಂದು ಬಿಳಿ ಚುಕ್ಕೆ. ಕೆಲವು ಅಲ್ಲಿಂದಲೇ ಸೋರುತ್ತಿದ್ದವು. ನಲವತ್ತು ವರ್ಷ ಸಂತೆಯಲ್ಲಿ ಅಪ್ಪನ ಹರವಿಯನ್ನು ಯಾರೂ ತಟ್ಟಿ ನೋಡಿ ಕೊಂಡವರಲ್ಲ. ಅವರು ಇಟ್ಟರೆಂದರೆ ಮುಗಿಯಿತು. ಅಪ್ಪ ಎಲ್ಲರ ದುಡ್ಡು ಮರಳಿಸಿದರು. ನನಗೆ ಸುದ್ದಿ ಹೇಳಿದ್ದು ಅವರಲ್ಲ, ತಮ್ಮ.

ಬಿಳಿ ಚುಕ್ಕೆ ಎಂದರೆ ಸುಣ್ಣ. ನಮ್ಮ ಕಡೆ ಎರೆಮಣ್ಣು ಸೇರಿದ ಕೆರೆಗಳಲ್ಲಿ ಸುಣ್ಣದ ಹರಳು ಸಾಮಾನ್ಯ. ಆವಿಗೆಯಲ್ಲಿ ಶಾಖ 800–900 ಡಿಗ್ರಿಗೆ ಏರಿದಾಗ ಆ ಹರಳು ಸುಟ್ಟು ಸುಟ್ಟಸುಣ್ಣವಾಗುತ್ತದೆ. ಅಷ್ಟಕ್ಕೆ ಏನೂ ಕಾಣುವುದಿಲ್ಲ. ಗಡಿಗೆ ಹೊರಬಂದ ಮೇಲೆ, ಗಾಳಿಯ ತೇವವನ್ನೋ ಒಳಗೆ ತುಂಬಿದ ನೀರನ್ನೋ ಕುಡಿದು ಅದು ನಿಧಾನವಾಗಿ ಅರಳುತ್ತದೆ. ಸುಣ್ಣ ಅರಳುವುದನ್ನು ನೋಡಿದವರಿಗೆ ಅದರ ಬಲ ಗೊತ್ತು. ಗಟ್ಟಿಯಾದ ಮಡಕೆಯ ಮೈಯನ್ನು ಒಳಗಿನಿಂದ ಒದ್ದು ಚಕ್ಕೆ ಹಾರಿಸುತ್ತದೆ.

ಹಾಗಾದರೆ ಇಷ್ಟು ವರ್ಷ ಯಾಕೆ ಆಗಲಿಲ್ಲ? ಫೋನಿನಲ್ಲಿ ಕೇಳಿದೆ. ಅಪ್ಪ ಬೈಯಲಿಲ್ಲ. ‘ತುಳಿಯೂಮುಂದ ಹಳ್ಳು ಕಾಲಿಗೆ ಸಿಗತೈತಿ. ನಿಂತು ತಗದು ಒಗೀತೀವಿ. ನಿನ್ನ ಮಷಿನ್ನಿಗೆ ಅದು ತಿಳಿಯಂಗಿಲ್ಲ. ಒಂದಿದ್ದದ್ದನ್ನ ಹತ್ತು ಮಾಡಿ ಒಳಗ ಹಾಕಿ ಕೊಡತೈತಿ’ ಎಂದರು.

ಯಂತ್ರ ಬಂದ ದಿನ ಅವರು ಕೇಳಿದ್ದು ಇದನ್ನೇ. ನಾನು ತುಳಿತವೆಂದರೆ ನಾದುವ ಕೆಲಸ ಎಂದಷ್ಟೇ ತಿಳಿದು, ಅದಕ್ಕೆ ಬೇಕಾದ ಬಲ ಲೆಕ್ಕ ಹಾಕಿ ಮೋಟಾರು ಕೂರಿಸಿದ್ದೆ. ಅಪ್ಪನ ಪಾದ ನಾದುತ್ತಿತ್ತು, ಹುಡುಕುತ್ತಿತ್ತು, ಎಲ್ಲಿ ನೀರು ಹೆಚ್ಚು ಎಲ್ಲಿ ಕಡಿಮೆ ಎಂದು ಅಳೆಯುತ್ತಿತ್ತು. ಮೂರು ಕೆಲಸದಲ್ಲಿ ಒಂದನ್ನು ಮಾತ್ರ ನಾನು ಯಂತ್ರಕ್ಕೆ ಕೊಟ್ಟು, ಉಳಿದೆರಡನ್ನು ಕೈಬಿಟ್ಟಿದ್ದೆ.

ತಳದ ಸುಳಿಬಿರುಕೂ ನನ್ನದೇ ಕೊಡುಗೆ. ಪಗ್‌ಮಿಲ್‌ನ ತಿರುಪು ಮಣ್ಣನ್ನು ಸುರುಳಿ ಸುರುಳಿಯಾಗಿ ತಳ್ಳುತ್ತದೆ. ವೇಗ ಹೆಚ್ಚಾದರೆ, ಮಣ್ಣು ಗಟ್ಟಿಯಾಗಿದ್ದರೆ, ಮೂತಿ ಸಾಕಷ್ಟು ಉದ್ದವಿಲ್ಲದಿದ್ದರೆ ಆ ಸುರುಳಿಗಳು ಒಂದಕ್ಕೊಂದು ಬೆಸೆಯದೆ ಪದರಗಳಾಗಿಯೇ ಉಳಿಯುತ್ತವೆ. ಮೇಲೆ ನೋಡಿದರೆ ಬೆಣ್ಣೆಯಂತೆ ನುಣುಪು. ಒಣಗುವಾಗ ಪದರ ಬಾಯಿಬಿಡುತ್ತದೆ.

ಮಾವ ಹೇಳಿದ ಸಾಲು

ಹೆಂಡತಿಯ ತವರು ಮಂಗಳೂರು. ಅವಳ ತಂದೆ ಹಂಚಿನ ಕಾರ್ಖಾನೆಯ ಮಣ್ಣಿನ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಆ ಬೇಸಿಗೆ ನಮ್ಮ ಮಣಿಕೊಂಡದ ಮನೆಗೆ ಬಂದಿದ್ದರು. ನನ್ನ ಕಥೆ ಕೇಳಿ ನಕ್ಕರು. ‘ನೀವು ಕೊನೆಯ ಯಂತ್ರವನ್ನು ಮೊದಲು ಇಟ್ಟಿದ್ದೀರಿ ಮಾರಾಯ್ರೇ. ಪಗ್‌ಮಿಲ್ಲಿಗೆ ಹೋಗುವ ಮೊದಲೇ ಮಣ್ಣಿನ ಕೆಲಸ ಮುಕ್ಕಾಲು ಮುಗಿದಿರಬೇಕು.’

ಕರ್ನಾಟಕದಲ್ಲಿ ಮಣ್ಣು ಹದ ಮಾಡುವ ಯಂತ್ರದ ಕಥೆ ಶುರುವಾಗುವುದೇ ಅವರ ಊರಿನಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಹತ್ತಿರ ಹಂಚಿನ ಕಾರ್ಖಾನೆ ತೆರೆದರು. ಅದರ ಹಿಂದಿದ್ದವನು ಜಾರ್ಜ್ ಪ್ಲೆಬ್ಸ್ಟ್. ಮಿಶನ್ನಿನ ಮುದ್ರಣದ ಕೆಲಸಕ್ಕೆ ಬಂದಿದ್ದ ಆತ ಇಲ್ಲಿನ ಜೇಡಿಮಣ್ಣನ್ನು ಪರೀಕ್ಷಿಸುತ್ತ ಹಂಚಿಗೆ ಬಂದ. ಒಂದಕ್ಕೊಂದು ಕೊಕ್ಕೆಯಂತೆ ಕೂಡಿಕೊಳ್ಳುವ ಹಂಚಿನ ಮಾದರಿಯನ್ನು ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸೋದರರು 1841ರಲ್ಲೇ ಪೇಟೆಂಟ್ ಮಾಡಿಸಿದ್ದರು. ಅಂಥ ಹಂಚಿಗೆ ಅಂಚು, ಕೊಕ್ಕೆ ಎಲ್ಲವೂ ಅಳತೆಗೆ ಕೂರಬೇಕು. ಮಣ್ಣು ಒಂದೇ ಹದದಲ್ಲಿರದಿದ್ದರೆ ಒಂದು ಹಂಚು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಮಳೆಗಾಲದಲ್ಲಿ ಮನೆಯೊಳಗೆ ನೀರು. ಮಂಗಳೂರು ಹಂಚಿನ ಹೆಸರು ನಿಂತದ್ದು ಒತ್ತುವ ಅಚ್ಚಿನ ಮೇಲಷ್ಟೇ ಅಲ್ಲ, ಅಚ್ಚಿಗೆ ಹೋಗುವ ಮೊದಲಿನ ಮಣ್ಣಿನ ಮೇಲೆ.

ಮೊದಮೊದಲು ಅಲ್ಲಿ ಮಣ್ಣು ಅರೆಯುತ್ತಿದ್ದದ್ದು ಎತ್ತುಗಳು. ಆಮೇಲೆ ಉಗಿಯಂತ್ರ ಬಂತು, ಕಾರ್ಖಾನೆಗಳು ಕುದ್ರೋಳಿ, ಮಲ್ಪೆ, ಕೇರಳದ ಕಡೆ ಕಲ್ಲಿಕೋಟೆ, ಫೆರೋಕ್, ಪಾಲಕ್ಕಾಡಿನವರೆಗೆ ಹಬ್ಬಿದವು. ಮಾವ ಬೆರಳು ಮಡಚುತ್ತ ತಮ್ಮ ಕಾರ್ಖಾನೆಯ ಸಾಲು ಹೇಳಿದರು. ನದಿಯ ಮಣ್ಣು ಬಂದ ಕೂಡಲೇ ಬಳಸುವುದಿಲ್ಲ. ಬೇರೆ ಬೇರೆ ಕಡೆಯ ಮಣ್ಣನ್ನು ಪದರ ಪದರವಾಗಿ ರಾಶಿ ಹಾಕಿ, ನೀರು ಹಾಯಿಸಿ, ಹಳೆಯದಾಗಲು ಬಿಡುತ್ತಾರೆ. ರಾಶಿಯನ್ನು ಮೇಲಿಂದ ಕೆಳಗೆ ಕಡಿದು ತೆಗೆದರೆ ಎಲ್ಲ ಪದರವೂ ಒಟ್ಟಿಗೆ ಬರುತ್ತದೆ. ಆಮೇಲೆ ಪ್ಯಾನ್‌ಮಿಲ್, ದೊಡ್ಡ ತಟ್ಟೆಯ ಮೇಲೆ ಭಾರದ ಉರುಳುಗಳು ಉರುಳಿ ಹೆಂಟೆ ಒಡೆಯುತ್ತವೆ. ಆಮೇಲೆ ಎರಡು ರೋಲರ್‌ಗಳ ನಡುವೆ ಹಾಯಿಸಿ ಉಳಿದ ಹರಳನ್ನು ನುಣ್ಣಗೆ ಮಾಡುತ್ತಾರೆ. ಕೊನೆಗೆ ಪಗ್‌ಮಿಲ್.

‘ಸುಣ್ಣದ ಹರಳು ಇದ್ದರೆ ಎರಡೇ ದಾರಿ’ ಎಂದರು ಮಾವ. ‘ಪೂರ್ತಿ ತೆಗೆಯಬೇಕು, ಇಲ್ಲವೇ ಹಿಟ್ಟಿನಷ್ಟು ನುಣ್ಣಗೆ ಮಾಡಬೇಕು. ಅರ್ಧಂಬರ್ಧ ಒಡೆದರೆ ಒಡೆಯದೆ ಇದ್ದದ್ದಕ್ಕಿಂತ ಕೆಟ್ಟದು.’

ದೋಸೆ ಗ್ರೈಂಡರ್

ಪ್ಯಾನ್‌ಮಿಲ್, ರೋಲರ್ ಎಲ್ಲ ಕಾರ್ಖಾನೆಗೆ ಸರಿ. ಒಂದು ಮನೆಯ ಕುಂಬಾರನಿಗೆ ಏನು ದಾರಿ? ಮೊದಲು ಹೊಳೆದದ್ದು ಒಣಗಿದ ಮಣ್ಣನ್ನು ಪುಡಿ ಮಾಡುವ ಪಲ್ವರೈಸರ್. ಬೀಸುವ ಗಿರಣಿಯಂತೆ ಹಾಕಿದರೆ ಹಿಟ್ಟಾಗಿ ಬರುತ್ತದೆ. ಬೆಲೆಯೂ ಕೈಗೆಟಕುವಂತಿತ್ತು. ಆದರೆ ದೂಳು? ಮಣ್ಣಿನಲ್ಲಿ ಸಿಲಿಕಾ ಇದ್ದೇ ಇರುತ್ತದೆ. ಕಣ್ಣಿಗೆ ಕಾಣದಷ್ಟು ನವಿರಾದ ಆ ದೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಬರುವುದಿಲ್ಲ, ಅದೇ ಸಿಲಿಕೋಸಿಸ್. ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಕುಂಬಾರಿಕೆಯಲ್ಲಿ ಬೆಣಚುಕಲ್ಲನ್ನು ಒಣಗಿಸಿ ಅರೆಯುತ್ತಿದ್ದವರು ಹೀಗೆಯೇ ಸಾಯುತ್ತಿದ್ದರು. ಕಲ್ಲನ್ನು ನೀರಿನಲ್ಲಿಯೇ ಅರೆಯುವ ವಿಧಾನಕ್ಕೆ ಥಾಮಸ್ ಬೆನ್ಸನ್ ಎಂಬಾತ 1726ರಲ್ಲಿ ಪೇಟೆಂಟ್ ಪಡೆದ. ಮುನ್ನೂರು ವರ್ಷ ಹಳೆಯ ಆ ಪಾಠ ಓದಿದ ಮೇಲೆ ಪಲ್ವರೈಸರ್ ಬೇಡವೆಂದು ನಿರ್ಧರಿಸಿದೆ. ಮೊಣಕಾಲು ಉಳಿಸಲು ಹೋಗಿ ಪುಪ್ಪುಸ ಕಳೆಯುವುದು ಯಾವ ಸುಧಾರಣೆ?

ಹಾಗಾದರೆ ನೀರು. ಊರಿನಿಂದ ಎರಡು ಚೀಲ ಮಣ್ಣು ತರಿಸಿ, ಒಂದು ಭಾನುವಾರ ಹೆಂಡತಿ ಮಾರ್ಕೆಟ್ಟಿಗೆ ಹೋದಾಗ ದೋಸೆ ಹಿಟ್ಟಿನ ಗ್ರೈಂಡರಿಗೆ ಹಾಕಿದೆ. ಅದೂ ಒಂದು ಪುಟ್ಟ ಪ್ಯಾನ್‌ಮಿಲ್ಲೇ. ಕಲ್ಲಿನ ತಟ್ಟೆಯ ಮೇಲೆ ಕಲ್ಲು ಉರುಳುತ್ತದೆ. ಮಣ್ಣು ಸೊಗಸಾಗಿ ನುಣ್ಣಗಾಯಿತು. ಆದರೆ ಅರ್ಧ ಗಂಟೆಗೆ ನಾಲ್ಕೇ ಕಿಲೊ. ಆ ವಾರ ನಮ್ಮ ಮನೆಯಲ್ಲಿ ದೋಸೆ ಇರಲಿಲ್ಲ, ಮಾತೂ ಕಡಿಮೆ ಇತ್ತು.

ಆಗ ಅರ್ಥವಾದದ್ದು ಇಷ್ಟು: ನಮ್ಮ ಮಣ್ಣಿಗೆ ಅರೆಯುವುದು ಬೇಕಿಲ್ಲ, ಸೋಸುವುದು ಬೇಕು. ಜೇಡಿಮಣ್ಣು ತಾನಾಗಿಯೇ ನವಿರು. ಚೆನ್ನಾಗಿ ನೆನೆದರೆ ನೀರಿನಲ್ಲಿ ಕರಗಿದಂತೆ ತೇಲುತ್ತದೆ. ಹರಳು ಮಾತ್ರ ಹರಳಾಗಿಯೇ ಉಳಿಯುತ್ತದೆ. ಹರಳನ್ನು ಒಡೆಯದೆ ಮಣ್ಣನ್ನು ಬಿಡಿಸಿದರೆ ಸಾಕು. ಇದನ್ನು ಮಾಡುವ ಯಂತ್ರಕ್ಕೆ ಬ್ಲಂಜರ್ ಎನ್ನುತ್ತಾರೆ. ಮಜ್ಜಿಗೆ ಕಡೆಯುವ ಕಡೆಗೋಲಿನ ತತ್ವವೇ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಲ್ಲಿ ಶುರುಮಾಡಿದ ಕುಂಬಾರರ ಸಬಲೀಕರಣ ಯೋಜನೆಯಲ್ಲಿ ವಿದ್ಯುತ್ ತಿಗರಿಯ ಜೊತೆಗೆ ಬ್ಲಂಜರನ್ನೂ ಕೊಡುತ್ತಾರೆ ಎಂಬುದು ನನಗೆ ತಿಳಿದದ್ದು ಆಮೇಲೆ. ಅದೇ ಆಯೋಗದ ಗ್ರಾಮ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದು ನಮ್ಮ ಖಾನಾಪುರದಲ್ಲೇ! ಗಚ್ಚಿಬೌಲಿಯಲ್ಲಿ ಕುಳಿತು ಜಗತ್ತನ್ನೆಲ್ಲ ಹುಡುಕಿದ ನಾನು ತಾಲ್ಲೂಕು ಕೇಂದ್ರದಲ್ಲಿ ಕೇಳಿರಲಿಲ್ಲ.

ಇನ್ನೂರು ಲೀಟರಿನ ಡ್ರಮ್ಮು, ಮೇಲೆ ಮೋಟಾರು, ಕೆಳಗೆ ಅಗಲವಾದ ರೆಕ್ಕೆ. ಕಡೆದ ಕೆಸರನ್ನು ಮೊದಲು ದಪ್ಪ ಜರಡಿ, ಆಮೇಲೆ ಅರ್ಧ ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜರಡಿಯ ಮೂಲಕ ತೊಟ್ಟಿಗೆ ಬಿಡುವುದು. ತೊಟ್ಟಿಯಲ್ಲಿ ಮಣ್ಣು ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ತೆಗೆದು, ಉಳಿದ ಗಟ್ಟಿ ಕೆಸರನ್ನು ಹಳೆಯ ಧೋತರ ಹಾಸಿದ ಮರಳಿನ ಮಡಿಯ ಮೇಲೆ ಹರವುವುದು. ಹದಕ್ಕೆ ಬಂದ ಮೇಲೆ ಮರಳು ಬೆರೆಸಿ ಪಗ್‌ಮಿಲ್ಲಿಗೆ. ಅದರ ವೇಗವನ್ನು 60ರಿಂದ 25 ಸುತ್ತಿಗೆ ಇಳಿಸಿದೆ, ಮೂತಿಯನ್ನು ಉದ್ದ ಮಾಡಿಸಿದೆ.

ಇನ್ನೊಂದು ತಿದ್ದುಪಡಿ ಹೇಳಲೇಬೇಕು. ಮಣ್ಣು ಬಾಯಲ್ಲಿ ಸಿಕ್ಕಿಕೊಂಡಾಗ ಅಪ್ಪ ಅಂಗೈಯಿಂದ ಒಳಗೆ ತಳ್ಳುವುದನ್ನು ತಮ್ಮ ಕಳಿಸಿದ ವಿಡಿಯೊದಲ್ಲಿ ಕಂಡು ನನ್ನ ಎದೆ ಝಲ್ಲೆಂದಿತ್ತು. ಒಂದು ಗೇಣು ಕೆಳಗೆ ಬ್ಲೇಡು ತಿರುಗುತ್ತಿತ್ತು. ನಾನು ಬಿಡಿಸಿದ ನಕ್ಷೆಯಲ್ಲಿ ಮನುಷ್ಯನ ಕೈ ಎಲ್ಲೂ ಇರಲಿಲ್ಲ. ಈಗ ಬಾಯಿಯನ್ನು ತೋಳಿನ ಉದ್ದಕ್ಕಿಂತ ಎತ್ತರ ಮಾಡಿದ್ದೇವೆ, ಮೇಲೆ ಸರಳಿನ ಜಾಲರಿ ಇದೆ, ಮೊಣಕಾಲಿನಿಂದ ಒದ್ದರೂ ನಿಲ್ಲುವಂಥ ಕೆಂಪು ಸ್ವಿಚ್ಚು ಇದೆ. ಮಣ್ಣು ತಳ್ಳಲು ಕಟ್ಟಿಗೆಯ ಕೋಲು.

ಅವ್ವನ ಲೆಕ್ಕ

ಹೊಸ ಸಾಲಿನ ಮಣ್ಣಿನಲ್ಲಿ ಮಾಡಿದ ಮೊದಲ ಆವಿಗೆ ಚೆನ್ನಾಗಿ ಬಂತು. ಅಪ್ಪ ಆ ಹರವಿಗಳನ್ನು ಸಂತೆಗೆ ಒಯ್ಯಲಿಲ್ಲ. ನೀರು ತುಂಬಿ ಇಪ್ಪತ್ತು ದಿನ ಅಂಗಳದಲ್ಲೇ ಇಟ್ಟು ನೋಡಿದರು. ಚಕ್ಕೆ ಏಳಲಿಲ್ಲ. ಆಮೇಲೆ, ಹಿಂದಿನ ವರ್ಷ ವಾಪಸು ತಂದವರ ಮನೆಗಳಿಗೆ ಮೊದಲು ಒಂದೊಂದು ಕೊಟ್ಟು ಬಂದರು.

ನಾನು ಗೆದ್ದೆನೆಂದುಕೊಂಡೆ. ಒಂದು ಸಂಜೆ ವಿಡಿಯೊ ಕಾಲ್‌ನಲ್ಲಿ ಅವ್ವ ನಗುತ್ತಲೇ ಹೇಳಿದಳು: ‘ನಿಮ್ಮಪ್ಪನ ಮೊಣಕಾಲೇನೋ ಉಳದ್ವು. ನನ್ನ ಸೊಂಟ ಹೋತು ನೋಡು.’

ಕಾಲಿನಿಂದ ತುಳಿಯುವ ಮಣ್ಣಿಗೆ ಕೆಲವು ಕೊಡ ನೀರು ಸಾಕಿತ್ತು. ಕಡೆಯುವ ಡ್ರಮ್ಮಿಗೆ ಒಂದು ಸಲಕ್ಕೆ ನೂರು ಲೀಟರಿಗೂ ಹೆಚ್ಚು. ತಿಳಿ ನೀರನ್ನು ಹಿತ್ತಲಿಗೆ ಚೆಲ್ಲಿ, ಮರುದಿನ ಮತ್ತೆ ಬೋರಿನಿಂದ ಹೊರುತ್ತಿದ್ದವಳು ಅವ್ವ. ನಮ್ಮಲ್ಲಿ ಮೊದಲಿನಿಂದಲೂ ಮಣ್ಣು ಸೋಸುವುದು, ನೀರು ಹೊರುವುದು, ಹಸಿ ಗಡಿಗೆ ಎತ್ತಿಡುವುದು ಹೆಂಗಸರ ಪಾಲು. ಕುಂಬಾರ ಎಂದರೆ ಅಪ್ಪ ಎಂದುಕೊಂಡು ನಾನು ಅಪ್ಪನ ಶ್ರಮವನ್ನಷ್ಟೇ ಅಳೆದಿದ್ದೆ. ಒಬ್ಬರ ಭಾರವನ್ನು ಇಳಿಸಿ ಇನ್ನೊಬ್ಬರ ತಲೆಗೆ ಏರಿಸಿ, ಅದಕ್ಕೆ ಸುಧಾರಣೆ ಎಂದು ಹೆಸರಿಟ್ಟಿದ್ದೆ.

ಪರಿಹಾರ ಎಷ್ಟು ಸಣ್ಣದಿತ್ತೆಂದರೆ ನಾಚಿಕೆಯಾಯಿತು. ತೊಟ್ಟಿಯ ತಿಳಿ ನೀರನ್ನು ಮತ್ತೆ ಡ್ರಮ್ಮಿಗೆ ಹಾಯಿಸಲು ಏರ್‌ಕೂಲರಿಗಿಂತ ಸ್ವಲ್ಪ ದೊಡ್ಡ ಒಂದು ಪಂಪು, ಎಂಟು ಮೀಟರ್ ಪೈಪು. ಈಗ ಹೊಸದಾಗಿ ಬೇಕಾಗುವುದು ಮಣ್ಣು ಕುಡಿದುಕೊಂಡ ನೀರು, ಬಿಸಿಲಿಗೆ ಆರಿದ ನೀರು ಇಷ್ಟೇ. ಅದನ್ನೂ ತೊಟ್ಟಿಗೆ ನಳ ಎಳೆದು ಮುಗಿಸಿದೆವು. ಬಳಸಿದ ನೀರಿನಲ್ಲಿ ಮಣ್ಣು ಬೇಗ ಹದಕ್ಕೆ ಬರುತ್ತದೆಂದು ಅವ್ವನ ಅಭಿಪ್ರಾಯ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಎನ್ನುತ್ತಾಳೆ.

ಊರಿನಲ್ಲಿ ಕುಲಕಸುಬು ಬಿಟ್ಟು ಬಂದ ನಮ್ಮಂಥವರು ತಿಂಗಳಿಗೊಮ್ಮೆ ದುಡ್ಡು ಕಳಿಸುತ್ತೇವೆ, ವರ್ಷಕ್ಕೊಮ್ಮೆ ಯಾವುದಾದರೂ ಯಂತ್ರ ಕಳಿಸುತ್ತೇವೆ. ಕಮ್ಮಾರಿಕೆ ಇರಲಿ, ನೇಕಾರಿಕೆ ಇರಲಿ, ಬಡಿಗತನ ಇರಲಿ. ನನ್ನ ಅನುಭವದಿಂದ ಎರಡು ಮಾತು ಹೇಳಬಹುದೆನಿಸುತ್ತದೆ. ಕೊಳ್ಳುವ ಮೊದಲು ರಜೆ ಹಾಕಿ ಒಂದು ವಾರ ಆ ಕೆಲಸವನ್ನು ನೀವೇ ಮಾಡಿ, ನೋಡಿದರೆ ಸಾಲದು. ಮತ್ತು ಮನೆಯ ಪ್ರತಿಯೊಬ್ಬರನ್ನೂ ಕೇಳಿ, ಮುಖ್ಯವಾಗಿ ಮಾತಾಡದೆ ಇರುವವರನ್ನು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿಯ ಜೊತೆ ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು, ಕಡಿಮೆ ಬಡ್ಡಿಯ ಸಾಲ ಇವೆ. ಅರ್ಜಿ ತುಂಬಲು ತಂದೆ-ತಾಯಿಗೆ ನೆರವಾಗುವುದು ಮಣಿಕೊಂಡದಲ್ಲಿ ಕುಳಿತೂ ಮಾಡಬಹುದಾದ ಕೆಲಸ.

ಅಪ್ಪ ಈಗ ತುಳಿಯುವುದಿಲ್ಲ. ಆದರೆ ಪಗ್‌ಮಿಲ್ಲಿನಿಂದ ಬಂದ ಪ್ರತಿ ಉರುಳೆಯನ್ನೂ ತಂತಿಯಿಂದ ಅಡ್ಡ ಕತ್ತರಿಸಿ, ಕೊಯ್ದ ಮೈಯ ಮೇಲೆ ಹೆಬ್ಬೆರಳು ಎಳೆಯುತ್ತಾರೆ. ಪದರ ಕಂಡರೆ ಮತ್ತೆ ಒಳಗೆ. ಆ ಹೆಬ್ಬೆರಳಿಗೆ ಬದಲಿ ಯಂತ್ರ ಮಾಡುವ ಯೋಚನೆ ನನಗಿಲ್ಲ.

ಆ ಬಿರುಕು ಗಣಪತಿಯ ಕಥೆ ಕೇಳಿದ ಅಪ್ಪ ಈ ಸಲ ಚೌತಿಗೆ ಎಂಟು ದಿನ ಮೊದಲೇ ಒದ್ದೆ ಬಟ್ಟೆಯಲ್ಲಿ ಸುತ್ತಿದ ಐದು ಕಿಲೊ ಮಣ್ಣನ್ನು ಬಸ್ಸಿಗೆ ಪಾರ್ಸೆಲ್ ಹಾಕಿದ್ದರು. ಮಗಳು ಬಾಲ್ಕನಿಯಲ್ಲಿ ಪೇಪರ್ ಹಾಸಿಕೊಂಡು ಕುಳಿತಳು. ಹೊಟ್ಟೆ ಉಂಡೆ ಮಾಡುತ್ತಿದ್ದವಳು ಸಟ್ಟನೆ ನಿಂತು, ಬೆರಳ ತುದಿಗೆ ಅಂಟಿದ ಸಾಸಿವೆಗಿಂತ ಸಣ್ಣ ಹರಳೊಂದನ್ನು ಫೋನಿಗೆ ಹಿಡಿದಳು. ‘ಅಜ್ಜಾ, ಹಳ್ಳು ಸಿಕ್ತು!’

ಅಪ್ಪ ಕನ್ನಡಕ ಮೇಲೆ ಸರಿಸಿ ನೋಡಿದರು. ‘ನನ್ನ ಮೊಮ್ಮಗಳ ಬೆಳ್ಳಿಗೆ ಕಣ್ಣ ಅದಾವ’ ಎಂದು ನಕ್ಕರು. ಮರುಕ್ಷಣ ನಗು ನಿಂತಿತು. ‘ಜರಡಿ ಎಲ್ಲೋ ಹರದಿರಬೇಕು. ತಡಿ, ನೋಡಿ ಬರ್ತೀನಿ’ ಎಂದು, ಫೋನನ್ನು ಅವ್ವನ ಕೈಗೆ ಕೊಟ್ಟು ಎದ್ದು ಹೋದರು.